ಬೀದಿಗೆ ಕಾವಲೋ, ಬೀದಿಯ ಮೇಲೆ ಕಾವಲೋ?

(‘ನಮ್ಮ ಮೊಹಲ್ಲಾ, ನಮ್ಮ ಸುರಕ್ಷೆ’ ಎಂಬ ವಿಷಯದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಪ್ರವಾದಿ ಇಬ್ರಾಹೀಮರು(ಅ) ಮಕ್ಕಾ ನಗರಕ್ಕಾಗಿ ಪ್ರಾರ್ಥಿಸಿದಾಗ ಮೊದಲು ಬೇಡಿಕೊಂಡದ್ದು ಸುರಕ್ಷೆಯನ್ನು. ಫಲಾಹಾರಗಳ ಬೇಡಿಕೆ ಆಮೇಲೆ ಬಂತು. ಈ ಕ್ರಮದಲ್ಲಿ ದೊಡ್ಡದೊಂದು ಸಾಮಾಜಿಕ ಸತ್ಯ ಅಡಗಿದೆ. ಭಯವಿರುವ ಊರಿನಲ್ಲಿ ವ್ಯಾಪಾರ ಬೆಳೆಯುವುದಿಲ್ಲ, ವಿದ್ಯೆ ಬೆಳೆಯುವುದಿಲ್ಲ, ಹೆಣ್ಣುಮಕ್ಕಳು ಸಂಜೆಯ ಹೊತ್ತು ನಿರಾತಂಕವಾಗಿ ಮನೆ ಸೇರುವುದಿಲ್ಲ. ಆದ್ದರಿಂದ ಸುರಕ್ಷೆಯ ಮಾತೆತ್ತಿದ ಕೂಡಲೇ ಅದು ಪ್ರಭುತ್ವದ ಸಂಚು ಎಂದು ಮೂಗು ಮುರಿಯುವವರ ಸಾಲಿನಲ್ಲಿ ನಾನಿಲ್ಲ. ಆದರೆ ಸುರಕ್ಷೆ ಯಾರಿಂದ, ಯಾರಿಗಾಗಿ, ಯಾವ ಬೆಲೆ ತೆತ್ತು ಎಂಬ ಪ್ರಶ್ನೆಯನ್ನು ಕೇಳದೆ ಅದನ್ನು ಸ್ವೀಕರಿಸುವುದೂ ವಿವೇಕವಲ್ಲ. ಇಂದು ಈ ಪ್ರಶ್ನೆಯನ್ನು ಒಂದು ನಿರ್ದಿಷ್ಟ ಉಪಕರಣದ ಮೂಲಕ ಪರಿಶೀಲಿಸಬಯಸುತ್ತೇನೆ. ಅದು ವಾಹನಗಳ ನಂಬರ್ ಪ್ಲೇಟ್ ಓದುವ ಕ್ಯಾಮರಾ.

ಈ ತಂತ್ರಜ್ಞಾನ ಹೊಸತಲ್ಲ. 1976ರಲ್ಲೇ ಬ್ರಿಟನ್ನಿನ ಪೊಲೀಸ್ ವಿಜ್ಞಾನ ಸಂಸ್ಥೆಯಲ್ಲಿ ಅದು ರೂಪುಗೊಂಡಿತು. ಸಾಮಾನ್ಯ ಸಿಸಿಟಿವಿಗೂ ಇದಕ್ಕೂ ಮೂಲಭೂತ ವ್ಯತ್ಯಾಸವಿದೆ. ಸಿಸಿಟಿವಿ ಕೇವಲ ನೋಡುತ್ತದೆ. ಏನಾದರೂ ಅನಾಹುತವಾದರೆ ಮನುಷ್ಯನೊಬ್ಬ ಕುಳಿತು ಗಂಟೆಗಟ್ಟಲೆ ಚಿತ್ರ ತಿರುವಿ ಹುಡುಕಬೇಕು. ನಂಬರ್ ಪ್ಲೇಟ್ ಕ್ಯಾಮರಾ ನೋಡುವುದಷ್ಟೇ ಅಲ್ಲ, ಓದುತ್ತದೆ. ಓದಿದ್ದನ್ನು ಸಮಯ ಮತ್ತು ಸ್ಥಳದೊಂದಿಗೆ ಬರೆದಿಡುತ್ತದೆ. ಕಳವಾದ ಅಥವಾ ಬೇಕಾಗಿರುವ ವಾಹನಗಳ ಪಟ್ಟಿಯೊಂದಿಗೆ ಕ್ಷಣಮಾತ್ರದಲ್ಲಿ ತಾಳೆ ನೋಡುತ್ತದೆ. ತಾಳೆಯಾಗದ, ಯಾವ ತಪ್ಪನ್ನೂ ಮಾಡದ ವಾಹನದ ವಿವರವೂ ಅನೇಕ ದೇಶಗಳಲ್ಲಿ ಕಡತ ಸೇರುತ್ತದೆ. ಬ್ರಿಟನ್ನಿನಲ್ಲಿ ಇಂತಹ ದಾಖಲೆಗಳು ದಿನವೊಂದಕ್ಕೆ ಕೋಟಿಗಳ ಲೆಕ್ಕದಲ್ಲಿ ಕೂಡಿಕೊಳ್ಳುತ್ತವೆ.

ನಂಬರ್ ಪ್ಲೇಟ್ ಇರುವುದೇ ಎಲ್ಲರಿಗೂ ಕಾಣಲೆಂದಲ್ಲವೇ, ಅದರಲ್ಲಿ ಗೋಪ್ಯವೇನಿದೆ ಎಂದು ನೀವು ಕೇಳಬಹುದು. ಒಂದು ಸಂಖ್ಯೆಯಲ್ಲಿ ಗೋಪ್ಯವೇನೂ ಇಲ್ಲ, ನಿಜ. ಆದರೆ ಆ ಸಂಖ್ಯೆಯನ್ನು ವರ್ಷವಿಡೀ ಹಿಂಬಾಲಿಸಿ ನೋಡಿ. ಶುಕ್ರವಾರ ಈತ ಯಾವ ಮಸೀದಿಯ ಮುಂದೆ ವಾಹನ ನಿಲ್ಲಿಸುತ್ತಾನೆ, ಮಂಗಳವಾರ ಯಾವ ಆಸ್ಪತ್ರೆಗೆ ಹೋಗುತ್ತಾನೆ, ಯಾವ ವಕೀಲರ ಕಚೇರಿಗೆ ಎಷ್ಟು ಬಾರಿ ಹೋದ, ಯಾವ ಸಭೆಯ ದಿನ ಯಾರ ಬೀದಿಯಲ್ಲಿದ್ದ, ರಾತ್ರಿ ಎಷ್ಟು ಗಂಟೆಗೆ ಮನೆ ಸೇರಿದ ಎಂಬುದೆಲ್ಲ ಅದರಿಂದ ತಿಳಿಯುತ್ತದೆ. ಒಂದೊಂದು ಹನಿಯಲ್ಲಿ ಏನೂ ಇಲ್ಲ. ಕೂಡಿದಾಗ ಅದು ಒಬ್ಬ ಮನುಷ್ಯನ ಬದುಕಿನ ರೋಜನಾಮೆ. ಅದನ್ನು ಬರೆಯಲು ಆತ ಯಾರಿಗೂ ಅನುಮತಿ ಕೊಟ್ಟಿರುವುದಿಲ್ಲ.

ಇದು ಬರಿಯ ಊಹೆಯಲ್ಲ ಎಂಬುದಕ್ಕೆ ಬ್ರಿಟನ್ನಿನ ಎರಡನೇ ದೊಡ್ಡ ನಗರವಾದ ಬರ್ಮಿಂಗ್‌ಹ್ಯಾಮ್ ಸಾಕ್ಷಿಯಾಗಿದೆ. ಅಲ್ಲಿನ ಸ್ಪಾರ್ಕ್‌ಬ್ರೂಕ್ ಮತ್ತು ವಾಶ್‌ವುಡ್ ಹೀತ್ ಎಂಬೆರಡು ಪ್ರದೇಶಗಳಲ್ಲಿ ಮುಸ್ಲಿಮರು ಬಹು ಸಂಖ್ಯೆಯಲ್ಲಿ ವಾಸಿಸುತ್ತಾರೆ. ಅವರಲ್ಲಿ ಹೆಚ್ಚಿನವರು ಕಾಶ್ಮೀರ ಮತ್ತು ಪಾಕಿಸ್ತಾನದ ಮೂಲದಿಂದ ದುಡಿಮೆಗಾಗಿ ವಲಸೆ ಬಂದ ಕುಟುಂಬಗಳವರು. 2010ರ ಮೊದಲ ತಿಂಗಳುಗಳಲ್ಲಿ ಈ ಪ್ರದೇಶಗಳ ರಸ್ತೆಗಳಲ್ಲಿ ಕಂಬಗಳು ಎದ್ದವು, ಕಂಬಗಳ ಮೇಲೆ ಕ್ಯಾಮರಾಗಳು ಬಂದವು. ನಗರ ಸಭೆ, ಪೊಲೀಸ್ ಇಲಾಖೆ ಮೊದಲಾದವು ಸೇರಿದ ‘ಸೇಫರ್ ಬರ್ಮಿಂಗ್‌ಹ್ಯಾಮ್ ಪಾರ್ಟ್‌ನರ್‌ಶಿಪ್’ ಎಂಬ ಒಕ್ಕೂಟದ ಹೆಸರಿನಲ್ಲಿ ಈ ಕೆಲಸ ನಡೆಯುತ್ತಿತ್ತು. ವಾಹನ ಕಳ್ಳತನ, ಮಾದಕ ವಸ್ತು ಮಾರಾಟ, ಪುಂಡಾಟಿಕೆಗಳನ್ನು ತಡೆಯಲು ಈ ವ್ಯವಸ್ಥೆ ಎಂದು ಜನರಿಗೆ ತಿಳಿಸಲಾಯಿತು. ಜನರಿಗೆ ಆ ಮಾತು ಅಪ್ರಿಯವೇನೂ ಆಗಿರಲಿಲ್ಲ. ಏಕೆಂದರೆ ಆ ಸಮಸ್ಯೆಗಳು ನಿಜವಾಗಿದ್ದವು.

ಆದರೆ ಕ್ಯಾಮರಾಗಳ ಸಂಖ್ಯೆಯೇ ಜನರಲ್ಲಿ ಸಂಶಯ ಮೂಡಿಸಿತು. ಒಟ್ಟು 218 ಕ್ಯಾಮರಾಗಳು. ಅವುಗಳಲ್ಲಿ ಹೆಚ್ಚಿನವು ನಂಬರ್ ಪ್ಲೇಟ್ ಓದುವಂಥವು. 72 ಕ್ಯಾಮರಾಗಳನ್ನು ಯಾರ ಕಣ್ಣಿಗೂ ಬೀಳದಂತೆ ಅಡಗಿಸಲು ಉದ್ದೇಶಿಸಲಾಗಿತ್ತು. ಕಳ್ಳನನ್ನು ಹೆದರಿಸಲು ಹಾಕುವ ಕ್ಯಾಮರಾವನ್ನು ಅಡಗಿಸಿಡುವುದೇಕೆ? ಎರಡೂ ಪ್ರದೇಶಗಳ ಸುತ್ತ ಉಂಗುರದಂತೆ ಅವನ್ನು ಜೋಡಿಸಲಾಗಿತ್ತು. ಯಾವುದೇ ವಾಹನ ದಾಖಲಾಗದೆ ಒಳಗೆ ಬರುವುದಾಗಲಿ ಹೊರಗೆ ಹೋಗುವುದಾಗಲಿ ಕಷ್ಟಸಾಧ್ಯವಾಗಿತ್ತು. ನಿವಾಸಿಗಳು ಪ್ರಶ್ನೆ ಕೇಳತೊಡಗಿದರು. ಸ್ಪಾರ್ಕ್‌ಬ್ರೂಕ್‌ನ ಅಂದಿನ ಕೌನ್ಸಿಲರ್ ಸಲ್ಮಾ ಯಾಕೂಬ್ ಬಹಿರಂಗವಾಗಿ ಪ್ರತಿಭಟಿಸಿದರು. 2010ರ ಜೂನ್‌ನಲ್ಲಿ ಗಾರ್ಡಿಯನ್ ಪತ್ರಿಕೆ ಸತ್ಯವನ್ನು ಬಯಲಿಗೆಳೆಯಿತು. ಯೋಜನೆಯ ನಿಜವಾದ ಹೆಸರು ‘ಪ್ರಾಜೆಕ್ಟ್ ಚಾಂಪಿಯನ್’. ಅದರ ಹಿಂದೆ ಇದ್ದದ್ದು ಭಯೋತ್ಪಾದನೆ ನಿಗ್ರಹ ಪೊಲೀಸರು. ಅದರ ಸುಮಾರು 30 ಲಕ್ಷ ಪೌಂಡ್ ಹಣ ಬಂದದ್ದು ಹಿರಿಯ ಪೊಲೀಸ್ ಅಧಿಕಾರಿಗಳ ಸಂಘದ ಭಯೋತ್ಪಾದನೆ ಸಂಬಂಧಿ ನಿಧಿಯಿಂದ. ಮೊಹಲ್ಲಾದ ಸುರಕ್ಷೆ ಎಂಬುದು ಹೊರಗಿನ ಹೊದಿಕೆಯಾಗಿತ್ತು.

ಮುಂದಿನ ಬೆಳವಣಿಗೆಗಳನ್ನು ಗಮನಿಸಿ. ಅದೇ ತಿಂಗಳು ಯೋಜನೆಯನ್ನು ತಡೆಹಿಡಿಯಲಾಯಿತು. ಕಂಬದ ಮೇಲಿನ ಕ್ಯಾಮರಾಗಳಿಗೆ ಪ್ಲಾಸ್ಟಿಕ್ ಚೀಲ ಮುಚ್ಚಲಾಯಿತು. ‘ಲಿಬರ್ಟಿ’ ಎಂಬ ನಾಗರಿಕ ಹಕ್ಕುಗಳ ಸಂಘಟನೆ ನ್ಯಾಯಾಲಯದ ಮೆಟ್ಟಿಲೇರುವುದಾಗಿ ಎಚ್ಚರಿಸಿತು. ಥೇಮ್ಸ್ ವ್ಯಾಲಿ ಪೊಲೀಸ್ ಮುಖ್ಯಸ್ಥೆ ಸಾರಾ ಥಾರ್ನ್‌ಟನ್ ಅವರಿಗೆ ತನಿಖೆಯ ಹೊಣೆ ವಹಿಸಲಾಯಿತು. 2010ರ ಸೆಪ್ಟೆಂಬರ್ 30ರಂದು ಅವರ ವರದಿ ಪ್ರಕಟವಾಯಿತು. ಪೊಲೀಸರ ಬಗ್ಗೆ ಪೊಲೀಸ್ ಅಧಿಕಾರಿಯೇ ಬರೆದ ಆ ವರದಿ ಕಟುವಾಗಿತ್ತು. ಇಂತಹ ಕ್ರಮ ಅಗತ್ಯವೇ, ಪ್ರಮಾಣಬದ್ಧವೇ, ಕಾನೂನಿಗೆ ಅನುಗುಣವೇ ಎಂಬ ಪ್ರಶ್ನೆಗಳನ್ನು ಆರಂಭದಲ್ಲೇ ಗಂಭೀರವಾಗಿ ಕೇಳಬೇಕಿತ್ತು, ಯಾರೂ ಕೇಳಲಿಲ್ಲ. ಜನರೊಂದಿಗೆ ಸಮಾಲೋಚನೆ ಸಮರ್ಪಕವಾಗಿ ನಡೆಯಲಿಲ್ಲ. ಸಮುದಾಯದ ವಿಶ್ವಾಸಕ್ಕೆ ಹಾನಿಯಾಗಿದೆ ಎಂಬುದು ಅದರ ಸಾರಾಂಶ. ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸ್ ಮುಖ್ಯಸ್ಥ ಕ್ರಿಸ್ ಸಿಮ್ಸ್ ಕ್ಷಮೆ ಯಾಚಿಸಿದರು. 2011ರಲ್ಲಿ ಕಂಬಗಳನ್ನು ಕಿತ್ತು ತೆಗೆಯಲಾಯಿತು.

ಸಹೋದರರೇ, ಆ ಕ್ಯಾಮರಾಗಳು ಒಂದು ದಿನವೂ ಕಾರ್ಯ ನಿರ್ವಹಿಸಲಿಲ್ಲ. ಒಂದು ವಾಹನದ ಸಂಖ್ಯೆಯನ್ನೂ ಅವು ಓದಲಿಲ್ಲ. ಹಾಗಾದರೆ ನಷ್ಟವೇನಾಯಿತು? ಹಣದ ನಷ್ಟ ಚಿಕ್ಕದು. ದೊಡ್ಡ ನಷ್ಟವೆಂದರೆ, ಕಳ್ಳತನ ಮತ್ತು ಮಾದಕ ದ್ರವ್ಯದ ವಿರುದ್ಧ ನಿಜವಾಗಿಯೂ ರಕ್ಷಣೆ ಬೇಕಿದ್ದ ಜನರಿಗೆ ಅದು ದೊರೆಯಲಿಲ್ಲ. ಅವರ ನಿಜವಾದ ನೋವನ್ನು ಮತ್ತೊಂದು ಉದ್ದೇಶಕ್ಕೆ ಮುಸುಕಾಗಿ ಬಳಸಲಾಯಿತು. ಮುಂದೆ ಯಾವ ಅಧಿಕಾರಿ ಬಂದು ‘ಇದು ನಿಮ್ಮ ಸುರಕ್ಷೆಗಾಗಿ’ ಎಂದರೂ ಜನರು ಆತನ ಮುಖವನ್ನು ನೋಡುವ ಮೊದಲು ಕಂಬದ ತುದಿಯನ್ನು ನೋಡುವ ಸ್ಥಿತಿ ಬಂತು. ಅಪರಾಧವನ್ನು ಪತ್ತೆ ಹಚ್ಚುವುದು ಕೇವಲ ಯಂತ್ರಗಳಿಂದಲ್ಲ. ಬೀದಿಯ ಅಂಗಡಿಯವನು, ಶಾಲೆಯ ಶಿಕ್ಷಕಿ, ಮಸೀದಿಯ ಇಮಾಮರು ಭಯವಿಲ್ಲದೆ ಠಾಣೆಗೆ ಹೋಗಿ ಹೇಳುವ ಮಾತು ಅದರ ಬುನಾದಿ. ಶಂಕಿತರೆಂದು ಗುರುತಿಸಲ್ಪಟ್ಟವರು ಸಾಕ್ಷಿ ಹೇಳಲು ಮುಂದೆ ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪವಿದೆ. ತಪ್ಪು ಮಾಡದವನಿಗೆ ಭಯವೇಕೆ? ಈ ಪ್ರಶ್ನೆಗೆ ನಮ್ಮ ಪರಂಪರೆ ಬಹಳ ಹಿಂದೆಯೇ ಉತ್ತರ ನೀಡಿದೆ. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತ ಗುಮಾನಿಯಿಂದ ದೂರವಿರಲು ಆದೇಶಿಸಿದ ಬೆನ್ನಲ್ಲೇ ತಜಸ್ಸುಸ್ ಅನ್ನು, ಅಂದರೆ ಇತರರ ಗುಟ್ಟು ಕೆದಕುವುದನ್ನು ನಿಷೇಧಿಸಿದೆ. ಈ ಎರಡರ ಅನುಕ್ರಮ ಗಮನಾರ್ಹ. ಮೊದಲು ಗುಮಾನಿ, ಆಮೇಲೆ ಬೇಹುಗಾರಿಕೆ. ಖಲೀಫ ಉಮರ್(ರ) ಅವರ ಬಗ್ಗೆ ಗ್ರಂಥಗಳು ಒಂದು ಪ್ರಸಂಗವನ್ನು ಹೇಳುತ್ತವೆ. ರಾತ್ರಿ ಗಸ್ತಿನಲ್ಲಿದ್ದ ಅವರು ಸಂಶಯಗೊಂಡು ಮನೆಯೊಂದರ ಗೋಡೆ ಹತ್ತಿ ಒಳಗಿಳಿದರು. ಒಳಗಿದ್ದವನು ನಿಜವಾಗಿಯೂ ತಪ್ಪಿನಲ್ಲಿ ತೊಡಗಿದ್ದ. ಆದರೂ ಆತ, ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು. ಗುಟ್ಟು ಕೆದಕಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಲಿಲ್ಲ ಎಂಬ ಅರ್ಥದಲ್ಲಿ ವಾದಿಸಿದ. ಖಲೀಫರು ಆ ವಾದವನ್ನು ಒಪ್ಪಿಕೊಂಡರು. ಇದು ತಪ್ಪಿತಸ್ಥನ ವಿಷಯದಲ್ಲೇ ಹೀಗಾದರೆ, ತಪ್ಪು ಮಾಡದವನ ವಿಷಯದಲ್ಲಿ ಏನು ಹೇಳಬೇಕು? ಆಡಳಿತಗಾರನಿಗೂ ಬಾಗಿಲೊಂದಿದೆ. ಅದರ ಹೆಸರು ಕಾನೂನು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಬ್ರಿಟನ್ನಿನಲ್ಲಿ ಅಪಾಯ ಕಾಲ್ಪನಿಕವಾಗಿತ್ತೇ? ಖಂಡಿತ ಅಲ್ಲ. 2005ರ ಜುಲೈ 7ರಂದು ಲಂಡನ್ನಿನ ಸ್ಫೋಟಗಳಲ್ಲಿ 52 ಮಂದಿ ಅಮಾಯಕರು ಸತ್ತರು. ಅವರಲ್ಲಿ ಮುಸ್ಲಿಮರೂ ಇದ್ದರು. ಅದೇ ವರ್ಷ ನವೆಂಬರ್‌ನಲ್ಲಿ ಬ್ರಾಡ್‌ಫರ್ಡ್ ನಗರದಲ್ಲಿ ದರೋಡೆಕೋರರು ಮಹಿಳಾ ಪೊಲೀಸ್ ಸಿಬ್ಬಂದಿಯೊಬ್ಬರನ್ನು ಗುಂಡಿಕ್ಕಿ ಕೊಂದಾಗ, ಪರಾರಿಗೆ ಬಳಸಿದ ಕಾರಿನ ಜಾಡು ಹಿಡಿದದ್ದು ಇದೇ ನಂಬರ್ ಪ್ಲೇಟ್ ಕ್ಯಾಮರಾಗಳ ಜಾಲ. ಈ ಉಪಯೋಗವನ್ನು ನಿರಾಕರಿಸುವುದು ಅಪ್ರಾಮಾಣಿಕತೆಯಾದೀತು. ಆದರೆ ಇಲ್ಲಿನ ವ್ಯತ್ಯಾಸವನ್ನು ಗ್ರಹಿಸಬೇಕು. ಬ್ರಾಡ್‌ಫರ್ಡ್‌ನಲ್ಲಿ ಅಪರಾಧ ಮೊದಲು ನಡೆಯಿತು, ಬಳಿಕ ಒಂದು ನಿರ್ದಿಷ್ಟ ಕಾರನ್ನು ಹುಡುಕಲಾಯಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ನಿರ್ದಿಷ್ಟ ಜನವಸತಿಯನ್ನು ಮೊದಲು ಆರಿಸಲಾಯಿತು, ಅಪರಾಧಿಯನ್ನು ಅದರೊಳಗೆ ಬಳಿಕ ಹುಡುಕಬಹುದೆಂದು ಭಾವಿಸಲಾಯಿತು. ಮೊದಲನೆಯದು ತನಿಖೆ. ಎರಡನೆಯದು ವಿಳಾಸದ ಆಧಾರದಲ್ಲಿ ಹೊರಿಸಿದ ಆರೋಪ.

ಇಂತಹ ಆರೋಪದಿಂದ ಸುರಕ್ಷೆಯಾದರೂ ದೊರೆಯುತ್ತದೆಯೇ? ನ್ಯೂಯಾರ್ಕ್‌ನ ಅನುಭವ ನೋಡಿ. ಅಲ್ಲಿನ ಪೊಲೀಸರು ಮಸೀದಿಗಳ ಸುತ್ತಮುತ್ತ ನಿಲ್ಲಿಸಿದ್ದ ವಾಹನಗಳ ಸಂಖ್ಯೆಗಳನ್ನು ಸಂಗ್ರಹಿಸುತ್ತಿದ್ದರೆಂದು ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ 2011-12ರಲ್ಲಿ ದಾಖಲೆ ಸಹಿತ ವರದಿ ಮಾಡಿತು. ಆ ವರದಿಗಳಿಗೆ 2012ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಮುಸ್ಲಿಮರ ಹೋಟೆಲು, ಅಂಗಡಿ, ಮಸೀದಿಗಳ ಪಟ್ಟಿ ಮಾಡುತ್ತಿದ್ದ ವಿಶೇಷ ಘಟಕದ ಕೆಲಸದಿಂದ ಒಂದೇ ಒಂದು ಭಯೋತ್ಪಾದನೆ ತನಿಖೆಯೂ ಹುಟ್ಟಿಕೊಳ್ಳಲಿಲ್ಲವೆಂದು ಇಲಾಖೆಯ ಹಿರಿಯ ಅಧಿಕಾರಿಯೇ 2012ರಲ್ಲಿ ಪ್ರಮಾಣಪೂರ್ವಕ ಹೇಳಿಕೆ ನೀಡಿದರು. 2014ರಲ್ಲಿ ಆ ಘಟಕವನ್ನು ಮುಚ್ಚಲಾಯಿತು. ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕುವವನು ಬಣವೆಯನ್ನು ಇನ್ನಷ್ಟು ದೊಡ್ಡದು ಮಾಡುತ್ತಾ ಹೋದರೆ ಸೂಜಿ ಸಿಗುವುದಾದರೂ ಹೇಗೆ?

ಯಂತ್ರ ತಪ್ಪುವುದೂ ಉಂಟು, ಯಂತ್ರವನ್ನು ಕಣ್ಣು ಮುಚ್ಚಿ ನಂಬುವ ಮನುಷ್ಯ ಅದಕ್ಕಿಂತಲೂ ಹೆಚ್ಚು ತಪ್ಪುವುದುಂಟು. 2020ರ ಆಗಸ್ಟ್‌ನಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಅರೋರಾ ನಗರದಲ್ಲಿ ಕಪ್ಪು ವರ್ಣೀಯ ಕುಟುಂಬವೊಂದರ ಕಾರನ್ನು ಪೊಲೀಸರು ಬಂದೂಕು ಹಿಡಿದು ಸುತ್ತುವರಿದರು. ಆರರಿಂದ ಹದಿನೇಳು ವರ್ಷದೊಳಗಿನ ನಾಲ್ವರು ಹೆಣ್ಣುಮಕ್ಕಳನ್ನು ಸುಡುವ ನೆಲದ ಮೇಲೆ ಬೋರಲು ಮಲಗಿಸಿದರು. ವಾಸ್ತವದಲ್ಲಿ ಕಳವಾದದ್ದು ಕಾರಲ್ಲ, ಮತ್ತೊಂದು ರಾಜ್ಯದ ಮೋಟಾರ್ ಸೈಕಲ್. ಎರಡರ ಸಂಖ್ಯೆ ಒಂದೇ ಆಗಿತ್ತು. ಕಾರಿಗೂ ಮೋಟಾರ್ ಸೈಕಲ್‌ಗೂ ಇರುವ ವ್ಯತ್ಯಾಸವನ್ನು ನೋಡಲು ಯಂತ್ರ ಬೇಕಿರಲಿಲ್ಲ, ಕಣ್ಣು ಸಾಕಿತ್ತು. 2024ರಲ್ಲಿ ನಗರಾಡಳಿತ 19 ಲಕ್ಷ ಡಾಲರ್ ಪರಿಹಾರ ನೀಡಲು ಒಪ್ಪಿತು. ಆ ಮಕ್ಕಳ ಮನಸ್ಸಿನಲ್ಲಿ ಉಳಿದ ಭಯಕ್ಕೆ ಯಾವ ಮೊತ್ತ ಸರಿಯಾದೀತು?

ಇದನ್ನು ಕೇವಲ ಮುಸ್ಲಿಮರ ಸಮಸ್ಯೆಯೆಂದು ಭಾವಿಸುವವರಿಗೆ ಇನ್ನೆರಡು ಮಾತು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ ರಾಯ್‌ಸ್ಟನ್ ಎಂಬ ಶಾಂತವಾದ ಚಿಕ್ಕ ಪಟ್ಟಣವಿದೆ. ಅದರ ಸುತ್ತಲೂ ಪೊಲೀಸರು ಕ್ಯಾಮರಾಗಳ ಉಂಗುರ ಕಟ್ಟಿದ್ದರು. ಊರಿಗೆ ಬರುವ ಮತ್ತು ಊರಿನಿಂದ ಹೋಗುವ ಪ್ರತಿ ವಾಹನವೂ ದಾಖಲಾಗುತ್ತಿತ್ತು. ನಾಗರಿಕ ಸಂಘಟನೆಗಳ ದೂರಿನ ಮೇಲೆ ದತ್ತಾಂಶ ರಕ್ಷಣೆಯ ಉಸ್ತುವಾರಿ ಹೊತ್ತ ಮಾಹಿತಿ ಆಯುಕ್ತರ ಕಚೇರಿಯು 2013ರಲ್ಲಿ ಅದನ್ನು ಕಾನೂನುಬಾಹಿರವೆಂದು ಘೋಷಿಸಿತು. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯವು 2008ರಲ್ಲಿ ಎರಡು ರಾಜ್ಯಗಳ ನಂಬರ್ ಪ್ಲೇಟ್ ಸ್ಕ್ಯಾನಿಂಗ್ ಕಾನೂನುಗಳನ್ನು ರದ್ದುಪಡಿಸಿತು. ಅದೇ ನ್ಯಾಯಾಲಯ 2018ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಪಟ್ಟಿಯೊಂದಿಗೆ ತಾಳೆಯಾಗದೆ ತಕ್ಷಣ ಅಳಿಸಲ್ಪಟ್ಟ ವಾಹನದ ಮಾಲಿಕನ ಹಕ್ಕಿನಲ್ಲೂ ಹಸ್ತಕ್ಷೇಪ ನಡೆದಿದೆ ಎಂದಿತು. ಬರ್ಮಿಂಗ್‌ಹ್ಯಾಮ್‌ನ ಕೂಗಿನ ಬಳಿಕ ಬ್ರಿಟಿಷ್ ಸಂಸತ್ತು 2012ರಲ್ಲಿ ಸ್ವಾತಂತ್ರ್ಯಗಳ ರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿ, ಕಣ್ಗಾವಲು ಕ್ಯಾಮರಾಗಳಿಗೆ ನೀತಿ ಸಂಹಿತೆ ರೂಪಿಸಲು ದಾರಿ ಮಾಡಿತು. ಒಂದು ಅಲ್ಪಸಂಖ್ಯಾತ ಮೊಹಲ್ಲಾದಲ್ಲಿ ಎದ್ದ ಪ್ರಶ್ನೆ ಇಡೀ ದೇಶದ ಪ್ರಜೆಗಳ ಪ್ರಯೋಜನಕ್ಕೆ ಒದಗಿತು.

ನಮ್ಮ ದೇಶದಲ್ಲಿ ಖಾಸಗಿತನದ ಹಕ್ಕಿಗೆ ಸಾಂವಿಧಾನಿಕ ಮಾನ್ಯತೆ ತಂದುಕೊಟ್ಟ ಮೊಕದ್ದಮೆಯೊಂದಿಗೆ ಕನ್ನಡ ನಾಡಿನ ಹಿರಿಯರೊಬ್ಬರ ಹೆಸರು ಶಾಶ್ವತವಾಗಿ ಬೆಸೆದುಕೊಂಡಿದೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಪ್ರಭುತ್ವ ಈ ಹಕ್ಕಿನೊಳಗೆ ಕಾಲಿಡುವುದಾದರೆ ಕಾನೂನಿನ ಆಧಾರ ಬೇಕು, ನ್ಯಾಯಸಮ್ಮತ ಉದ್ದೇಶ ಬೇಕು, ಕ್ರಮವು ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ಬರ್ಮಿಂಗ್‌ಹ್ಯಾಮ್‌ನಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆಗಳೂ ಇಂಥವೇ. ಇಂದು ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕ್ಯಾಮರಾಗಳು ನಂಬರ್ ಪ್ಲೇಟ್ ಓದಿ ವೇಗಮಿತಿ ಮೀರಿದವರಿಗೆ ದಂಡ ವಿಧಿಸಲು ನೆರವಾಗುತ್ತಿವೆ. ಜೀವ ಉಳಿಸುವ ಈ ಕೆಲಸವನ್ನು ವಿರೋಧಿಸಬೇಕಿಲ್ಲ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ನೀಡುವ ವಿಶಾಲ ಅಧಿಕಾರವನ್ನು ಕೇಂದ್ರ ಸರಕಾರದ ಕೈಗಿತ್ತಿದೆ ಎಂಬುದನ್ನು ಮರೆಯಬಾರದು. ಬೇಲಿಯೇ ಎದ್ದು ಹೊಲ ಮೇಯದಂತೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಸ್ಪಷ್ಟ ಉತ್ತರವಿರಬೇಕು.

ಈಗ ನಮ್ಮತ್ತ ತಿರುಗೋಣ. ಕ್ಯಾಮರಾ ಬರುತ್ತದೆ ಎಂದಾಗ ಸಮುದಾಯದಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಕಾಣುತ್ತದೆ. ಕೆಲವರಿಗೆ ಅದು ಅಭಿವೃದ್ಧಿಯ ಗುರುತು; ಉದ್ಘಾಟನೆಯ ಫಲಕದಲ್ಲಿ ಹೆಸರಿದ್ದರೆ ಸಾಕು, ಒಳಗೆ ಏನಿದೆಯೆಂದು ಓದುವ ವ್ಯವಧಾನವಿಲ್ಲ. ಮತ್ತೆ ಕೆಲವರಿಗೆ ಅದು ಘೋಷಣೆ ಕೂಗಲು ಸಿಕ್ಕ ಅವಕಾಶ. ಮೊಹಲ್ಲಾದ ಹುಡುಗರು ಮಾದಕ ವ್ಯಸನಕ್ಕೆ ಬಲಿಯಾಗುತ್ತಿರುವ ಬಗ್ಗೆ ಅವರ ಬಾಯಿಯಿಂದ ಒಂದು ಮಾತೂ ಹೊರಡುವುದಿಲ್ಲ. ಎರಡೂ ಹೊಣೆಗೇಡಿತನವೇ. ಇನ್ನೊಂದು ಕಹಿ ಸತ್ಯವೂ ಇದೆ. ನಾವೇ ಮಸೀದಿಗೆ, ಮದ್ರಸಕ್ಕೆ, ಅಂಗಡಿಗೆ ಕ್ಯಾಮರಾ ಹಾಕಿಸುತ್ತೇವೆ. ಅದರ ತುಣುಕುಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಯಾರ ಮಗಳು ಯಾರ ವಾಹನದಲ್ಲಿ ಬಂದಳು ಎಂಬ ಚರ್ಚೆ ಬೀದಿ ಬೀದಿಯಲ್ಲಿ ನಡೆಯುತ್ತದೆ. ಪೊಲೀಸರು ಮಾಡಿದರೆ ತಜಸ್ಸುಸ್, ನಾವು ಮಾಡಿದರೆ ಸಮಾಜ ಸುಧಾರಣೆಯೇ? ಇತರರ ಮಾನವು ನಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ಕಾಪಾಡದವರಿಗೆ ಪ್ರಭುತ್ವವನ್ನು ಪ್ರಶ್ನಿಸುವ ನೈತಿಕ ಬಲ ಉಳಿಯುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಕಂಬ ನೆಡುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಕೇಳಬೇಕು. ಹಣ ಎಲ್ಲಿಂದ ಬರುತ್ತಿದೆ? ಬರ್ಮಿಂಗ್‌ಹ್ಯಾಮ್‌ನ ಗುಟ್ಟು ಬಯಲಾಗುವಲ್ಲಿ ಈ ಪ್ರಶ್ನೆಗೆ ದೊಡ್ಡ ಪಾಲಿದೆ. ಉದ್ದೇಶವೇನು, ಅದನ್ನು ಲಿಖಿತವಾಗಿ ನೀಡುತ್ತೀರಾ? ಓದಿದ ಸಂಖ್ಯೆಗಳನ್ನು ಎಷ್ಟು ದಿನ ಇಡುತ್ತೀರಿ, ಯಾವಾಗ ಅಳಿಸುತ್ತೀರಿ? ಯಾವ ಯಾವ ಇಲಾಖೆಗೆ, ಯಾವ ಖಾಸಗಿ ಕಂಪೆನಿಗೆ ಅವು ತಲುಪುತ್ತವೆ? ಯಾರು ಯಾವಾಗ ಹುಡುಕಿದರೆಂಬುದರ ಲೆಕ್ಕ ಇಡುತ್ತೀರಾ, ಆ ಲೆಕ್ಕವನ್ನು ಹೊರಗಿನವರು ಪರಿಶೋಧಿಸುತ್ತಾರಾ? ಶ್ರೀಮಂತರ ಬಡಾವಣೆಗೂ ಇದೇ ನಿಯಮವೇ? ಎರಡು ವರ್ಷದ ಬಳಿಕ ಅಪರಾಧ ಕಡಿಮೆಯಾಗಿದೆಯೇ ಎಂದು ತಾಳೆ ನೋಡಿ, ಆಗದಿದ್ದರೆ ತೆಗೆಯುತ್ತೀರಾ? ಪ್ರಾಮಾಣಿಕ ಆಡಳಿತಕ್ಕೆ ಈ ಪ್ರಶ್ನೆಗಳಿಂದ ತೊಂದರೆಯಿಲ್ಲ. ಉತ್ತರಿಸಲು ಹಿಂಜರಿಯುವ ಆಡಳಿತಕ್ಕೆ ಈ ಪ್ರಶ್ನೆಗಳ ಅಗತ್ಯ ಇನ್ನೂ ಹೆಚ್ಚು. ಜೊತೆಗೆ ಕ್ಯಾಮರಾ ಒಂದೇ ಮದ್ದಲ್ಲ ಎಂದೂ ಹೇಳಬೇಕು. ಉರಿಯದ ಬೀದಿ ದೀಪ, ಗಸ್ತು ಬಾರದ ಓಣಿ, ಅರ್ಧಕ್ಕೆ ಶಾಲೆ ಬಿಟ್ಟ ಹುಡುಗ ಇವೆಲ್ಲ ಸುರಕ್ಷೆಯ ಪ್ರಶ್ನೆಗಳೇ.

ಬರ್ಮಿಂಗ್‌ಹ್ಯಾಮ್‌ನ ಜನ ಗೆದ್ದದ್ದು ಕಲ್ಲು ತೂರಿ ಅಲ್ಲ. ಕಂಬಗಳನ್ನು ಅವರು ತಾವೇ ಉರುಳಿಸಲಿಲ್ಲ. ಸಭೆಗಳಿಗೆ ಹೋದರು, ಪ್ರಶ್ನೆ ಕೇಳಿದರು, ಕೌನ್ಸಿಲರ್‌ಗಳನ್ನು ಮಾತನಾಡುವಂತೆ ಮಾಡಿದರು, ಪತ್ರಕರ್ತರೊಂದಿಗೆ ಮತ್ತು ನಾಗರಿಕ ಹಕ್ಕುಗಳ ಹೋರಾಟಗಾರರೊಂದಿಗೆ ಕೈಜೋಡಿಸಿದರು. ಕೊನೆಗೆ ಕಂಬ ನೆಟ್ಟ ಆಡಳಿತವೇ ಬಂದು ಕಂಬ ಕಿತ್ತಿತು. ಕಾವಲು ಬೇಕು, ನಿಜ. ಆದರೆ ಕಾವಲುಗಾರನು ನಮ್ಮ ಬೀದಿಗೆ ಬೆನ್ನು ಕೊಟ್ಟು, ಅಪಾಯಕ್ಕೆ ಮುಖ ಮಾಡಿ ನಿಂತಿರಬೇಕು. ಆತನ ಮುಖ ನಮ್ಮ ಮನೆಯ ಬಾಗಿಲಿನತ್ತ ತಿರುಗಿರುವುದು ಕಂಡರೆ, ಏಕೆ ಎಂದು ಕೇಳುವುದು ದ್ರೋಹವಲ್ಲ. ಅದು ಪೌರನ ಕರ್ತವ್ಯ. ಆ ಪ್ರಶ್ನೆಯನ್ನು ಸಭ್ಯವಾಗಿ, ದಾಖಲೆ ಸಹಿತವಾಗಿ, ಎಲ್ಲ ಧರ್ಮಗಳ ನೆರೆಯವರನ್ನು ಜೊತೆಗೂಡಿಸಿಕೊಂಡು ಕೇಳುವ ಧೈರ್ಯವನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ ಎಂದು ಪ್ರಾರ್ಥಿಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.